ಹೆಂಡತಿಗೆ ಕೊಂಡ ಹೆಲ್ಮೆಟ್

ಓಬುಲೇಶ್ ರಾಯದುರ್ಗದ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಊರು ಬೊಮ್ಮನಹಾಳ್ ಕಡೆಯದು. ಬಟ್ಟೆಯನ್ನು ಕಣ್ಣಿಂದ ನೋಡುವ ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜುವುದು ಅವನ ಅಭ್ಯಾಸ. ಯಾವ ಬಟ್ಟೆ ಎಷ್ಟು ಒಗೆತ ತಡೆಯುತ್ತದೆ, ಯಾವ ಹೊಲಿಗೆ ಎಲ್ಲಿ ಬಿಡುತ್ತದೆ ಎಂಬುದನ್ನು ಅವನ ಬೆರಳೇ ಹೇಳುತ್ತಿತ್ತು. ಬಟ್ಟೆಯ ಹೊಸ ಥಾನು ಬಂದರೆ ಮಾಲೀಕ ಸಿದ್ದಬಸಪ್ಪನವರು ಮೊದಲು ಓಬುಲೇಶನನ್ನೇ ಕರೆಸುತ್ತಿದ್ದರು.

ಅವನ ಹೆಂಡತಿ ಗಂಗೋತ್ರಿ ಮಡಕಶಿರಾದಾಚೆ ರೊಳ್ಳದ ಹತ್ತಿರದ ಹಳ್ಳಿಯವಳು. ಇಬ್ಬರೂ ಹೊಟ್ಟೆಪಾಡಿಗೆಂದು ಬೆಂಗಳೂರಿಗೆ ಹೋಗಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿದ್ದಾಗ ಪರಿಚಯವಾದದ್ದು. ಒಂದೇ ಜಿಲ್ಲೆಯವರು ಎಂದು ಮಾತು ಬೆಳೆಯಿತು, ಎರಡೂ ಮನೆಯ ಹಿರಿಯರು ಒಪ್ಪಿದರು, ಮದುವೆಯಾಯಿತು. ರಾಯದುರ್ಗದಲ್ಲಿ ಜೀನ್ಸ್ ಕೆಲಸ ಹೆಚ್ಚಿದ ಮೇಲೆ ಬೆಂಗಳೂರು ಬಿಟ್ಟು ಬಂದು ಇಬ್ಬರೂ ಒಂದೇ ಯೂನಿಟ್ ಸೇರಿದರು. ಅವನು ಕತ್ತರಿಸಿದ್ದನ್ನು ಅವಳು ಹೊಲಿಯುತ್ತಿದ್ದಳು. ಮಕ್ಕಳು ಇನ್ನೂ ಆಗಿರಲಿಲ್ಲ.

ಇದು ನಡೆದದ್ದು 2018ರ ಸಂಕ್ರಾಂತಿಯ ಸಮಯದಲ್ಲಿ. ಅದಕ್ಕೆ ಎರಡು ತಿಂಗಳು ಮೊದಲು ಯೂನಿಟ್‌ನ ತಿಪ್ಪೇರುದ್ರಪ್ಪ ಬಳ್ಳಾರಿ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಬಲಗೈಯ ಚರ್ಮ ಮೊಣಕೈಯಿಂದ ಅಂಗೈವರೆಗೆ ಸುಲಿದು ಹೋಗಿತ್ತು. ಆಸ್ಪತ್ರೆಯಲ್ಲಿ ಅದನ್ನು ನೋಡಿ ಬಂದ ಓಬುಲೇಶನಿಗೆ ಎರಡು ದಿನ ಊಟ ಸೇರಲಿಲ್ಲ. ಬಟ್ಟೆ ಒಗೆಸುವ ಯೂನಿಟ್‌ಗಳ ಕೆಲಸಕ್ಕಾಗಿ ಅವನೂ ವಾರಕ್ಕೆ ಮೂರು ಸಲ ಅದೇ ರಸ್ತೆಯಲ್ಲಿ ಓಡಾಡುವವನು. ಅಲ್ಲಿಯವರೆಗೆ ಅವನ ತಲೆಯ ಮೇಲಿದ್ದದ್ದು ಗಾಜು ಒಡೆದ ಹಳೆಯ ಹೆಲ್ಮೆಟ್. ಒಂದು ಭಾನುವಾರ ಗಂಗೋತ್ರಿಯನ್ನು ಹಿಂದೆ ಕೂರಿಸಿಕೊಂಡು, ಬಳ್ಳಾರಿಯಲ್ಲಿ ಬೈಕ್ ಸವಾರರ ಸಾಮಾನನ್ನೇ ಮಾರುವ ಒಂದು ಅಂಗಡಿಗೆ ಹೋದ.

ಅಂಗಡಿಯವನು ತಿಳಿದವನಾಗಿದ್ದ. ಹೆಲ್ಮೆಟ್ ಹಾಕಿಕೊಂಡಾಗ ಕೆನ್ನೆಯನ್ನು ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದರೆ ಅದೊಂದೇ ಅಲ್ಲಾಡಬಾರದು, ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು ಎಂದು ಒಂದೊಂದನ್ನೂ ತೋರಿಸಿ ಹೇಳಿದ. ಬಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಮುಖ ಅಡಿಯಾಗಿಯೇ ಬೀಳುತ್ತಾರೆ, ಗಲ್ಲ ಮುಚ್ಚದ ಹೆಲ್ಮೆಟ್ ಅರ್ಧ ಹೆಲ್ಮೆಟ್ಟೇ ಎಂದ. ಓಬುಲೇಶನಿಗೆ ಆ ಮಾತು ರುಚಿಸಿತು. ಜಾಕೆಟ್ಟನ್ನು ಒಳಮಗ್ಗುಲಾಗಿ ತಿರುಗಿಸಿ ಹೊಲಿಗೆ ನೋಡಿದ. ಭುಜ, ಮೊಣಕೈ, ಬೆನ್ನಿನಲ್ಲಿಟ್ಟ ಗಟ್ಟಿ ಪ್ಯಾಡುಗಳನ್ನು ತೆಗೆದು ಬಗ್ಗಿಸಿ ನೋಡಿದ. ಎರಡು ಎಳೆ ಹೊಲಿಗೆ, ಒಳ್ಳೆಯ ದಾರ. ಗ್ಲೌಸಿನ ಅಂಗೈಗೆ ಇನ್ನೊಂದು ಪದರ ತೊಗಲು ಇತ್ತು. ಗಲ್ಲ ಮುಚ್ಚುವ ಹೆಲ್ಮೆಟ್, ಜಾಕೆಟ್, ಗ್ಲೌಸು, ಕಣಕಾಲು ಮುಚ್ಚುವ ಬೂಟು, ಎಲ್ಲವನ್ನೂ ತನಗೆಂದು ಆರಿಸಿಕೊಂಡ.

ಅಷ್ಟರಲ್ಲಿ ಗಂಗೋತ್ರಿ ಪಕ್ಕದ ಕಪಾಟಿನಿಂದ ಅಂಥದೇ ಒಂದು ಹೆಲ್ಮೆಟ್ ತೆಗೆದು ಹಾಕಿಕೊಂಡಿದ್ದಳು. ಕೆಂಪು ಬಣ್ಣದ್ದು. ಅಂಗಡಿಯವನು ಹೇಳಿದಂತೆಯೇ ತಲೆ ಅಲ್ಲಾಡಿಸಿ ನೋಡಿ, ಪಟ್ಟಿ ಬಿಗಿದು, ಎರಡು ಬೆರಳು ಇಟ್ಟು ನೋಡಿ, ಕನ್ನಡಿಯ ಮುಂದೆ ನಿಂತಳು. ಸೀರೆಯುಟ್ಟು, ಮೈತುಂಬ ಸೆರಗು ಹೊದ್ದು, ಮೇಲೆ ಅಷ್ಟು ದೊಡ್ಡ ಹೆಲ್ಮೆಟ್. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಓಬುಲೇಶನೂ ನಕ್ಕ.

"ನಿನಗ್ಯಾಕ ಅದು. ಸಂತ್ಯಾಗಿನ ಗೊಂಬಿ ಕಂಡಂಗ ಕಾಣ್ತಿ. ಇಡು," ಎಂದ.

ಅಂಗಡಿಯವನು ಮಾತ್ರ ನಗಲಿಲ್ಲ. ಹಿಂದೆ ಕೂತವರಿಗೂ ಇದು ಬೇಕು ಎಂದು ಮೆಲ್ಲಗೆ ಹೇಳಿದ. ಇವಳು ಕೂರುವುದು ವರ್ಷಕ್ಕೆ ನಾಕು ಸಲ, ಓಡಾಡುವವನು ನಾನು ಎಂದ ಓಬುಲೇಶ್. ಗಂಗೋತ್ರಿ ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಎಲ್ಲಿತ್ತೋ ಅಲ್ಲಿಗೇ ಇಟ್ಟು, ಕೆದರಿದ ಕೂದಲನ್ನು ಸರಿಮಾಡಿಕೊಂಡಳು. ಓಬುಲೇಶನ ಕೈಯಲ್ಲಿ ಆಗ ಹಣ ಇರಲಿಲ್ಲವೆಂದಲ್ಲ. ಇತ್ತು.

ರಾಯದುರ್ಗಕ್ಕೆ ವಾಪಸ್ಸು ಹೊರಟಾಗ, ಪೊಲೀಸರು ಹಿಂದೆ ಕೂತವರನ್ನೂ ಹಿಡಿಯುತ್ತಿದ್ದಾರೆ ಎಂದು ಯಾರೋ ಅಂದದ್ದು ಅವನಿಗೆ ನೆನಪಾಯಿತು. ರಸ್ತೆ ಬದಿ ಬೇವಿನ ಮರದ ಕೆಳಗೆ ಒಬ್ಬ ಹಗ್ಗಕ್ಕೆ ಹೆಲ್ಮೆಟ್ ಪೋಣಿಸಿ ಮಾರುತ್ತಿದ್ದ. ಕಿವಿ ಮುಚ್ಚದ, ಬುಟ್ಟಿಯಂಥ ಹೆಲ್ಮೆಟ್ಟು. ಓಬುಲೇಶ್ ಒಂದನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಒಳಗೆ ಹೆಬ್ಬೆರಳು ಒತ್ತಿದ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮಾಕೋಲ್, ಒತ್ತಿದಲ್ಲಿ ಕುಳಿ ಬಿದ್ದು ಪುಡಿ ಉದುರಿತು. ಹಿಂದೆ ಅಂಟಿಸಿದ್ದ ಐಎಸ್ಐ ಚೀಟಿ ಉಗುರು ತಾಗಿ ಅಂಚಿನಲ್ಲಿ ಎದ್ದಿತು. ಅವನು ಅದನ್ನು ಹೆಬ್ಬೆರಳಿನಿಂದಲೇ ಒತ್ತಿ ಮತ್ತೆ ಅಂಟಿಸಿದ. ಆಮೇಲೆ ಅದನ್ನು ಗಂಗೋತ್ರಿಯ ಕೈಗೆ ಕೊಟ್ಟ.

ಮನೆಗೆ ಬಂದು ನೋಡಿದರೆ ಪಟ್ಟಿಯ ಪ್ಲಾಸ್ಟಿಕ್ ಕೊಂಡಿ ಎಳೆದರೆ ಜಾರುತ್ತಿತ್ತು. ಗಂಗೋತ್ರಿ ಮಾರನೆಯ ದಿನ ಅದನ್ನು ಯೂನಿಟ್‌ಗೆ ತಂದು, ತನ್ನ ಮಿಶನ್ನಿನ ಮೇಲೆ ಜೀನ್ಸ್ ದಾರದಲ್ಲಿ ಪಟ್ಟಿಯನ್ನು ತನ್ನ ಗಲ್ಲದ ಅಳತೆಗೆ ಸರಿಯಾಗಿ ಅಡ್ಡಡ್ಡ ನಾಕು ಸಲ ಹೊಲಿದುಕೊಂಡಳು.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಗಂಗೋತ್ರಿಯ ತವರಿಗೆ ಹೊರಟರು. ಕಲ್ಯಾಣದುರ್ಗ ದಾಟಿ, ಪಾವಗಡದ ಮೇಲೆ ಮಡಕಶಿರಾದ ದಾರಿ. ಪಾವಗಡದಲ್ಲಿ ಇಡ್ಲಿ ತಿಂದರು. ಹೊಸ ಜಾಕೆಟ್ಟಿನಲ್ಲಿ ಓಬುಲೇಶನಿಗೆ ಬಿಸಿಲು ಹತ್ತುತ್ತಿದ್ದರೂ ತೆಗೆಯಲಿಲ್ಲ. ಮಾವನ ಮನೆಯವರು ನೋಡಲಿ ಎಂಬ ಆಸೆಯೂ ಒಳಗಿತ್ತು. ಮಡಕಶಿರಾ ಇನ್ನು ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಒಂದು ತಿರುವಿನಾಚೆ ರೈತರು ಹುರುಳಿ ಬಳ್ಳಿಯನ್ನು ರಸ್ತೆಯ ಉದ್ದಕ್ಕೂ ಹರಡಿದ್ದರು. ಗಾಡಿಗಳು ತುಳಿದರೆ ಕಾಳು ಬಿಡುತ್ತದೆಂದು ಆ ಕಡೆ ಎಲ್ಲರೂ ಹಾಗೆ ಹರಡುತ್ತಾರೆ. ಹುರುಳಿಯ ಮೇಲೆ ಬೈಕನ್ನು ಮೆಲ್ಲಗೆ, ಬ್ರೇಕು ಹಿಡಿಯದೆ ದಾಟಿಸಬೇಕು. ಅವನಿಗೆ ಅದು ಗೊತ್ತಿತ್ತು. ಆದರೆ ವೇಗದಲ್ಲಿದ್ದ, ಎದುರಿಗೆ ಕಂಡದ್ದೇ ಬ್ರೇಕು ಒತ್ತಿಬಿಟ್ಟ.

ಬೈಕು ಅಡ್ಡ ಮಲಗಿ ಜಾರಿತು. ಅವನು ಬೈಕಿನ ಜೊತೆಯಲ್ಲೇ ಜಾರುತ್ತ ಹೋಗಿ ಮೋರಿಯ ಅಂಚಿನಲ್ಲಿ ಬಿದ್ದ. ಎದ್ದು ಕೈಕಾಲು ನೋಡಿಕೊಂಡ. ಜಾಕೆಟ್ಟಿನ ಮೊಣಕೈ ಸವೆದು ಒಳಗಿನ ಪ್ಯಾಡು ಕಾಣುತ್ತಿತ್ತು, ಗ್ಲೌಸಿನ ಅಂಗೈ ಉಜ್ಜಿತ್ತು, ಹೆಲ್ಮೆಟ್ಟಿನ ಗಲ್ಲದ ಹತ್ತಿರ ಬಣ್ಣ ಹೋಗಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಆ ಒಂದು ಕ್ಷಣವನ್ನು ನೆನೆದು ಅವನು ಆಮೇಲೆ ಎಷ್ಟೋ ದಿನ ತನ್ನನ್ನೇ ಹಳಿದುಕೊಂಡ. ಯಾಕೆಂದರೆ ಆಗಿನ್ನೂ ಅವನು ತಿರುಗಿ ನೋಡಿರಲಿಲ್ಲ.

ಗಂಗೋತ್ರಿ ಹುರುಳಿ ಬಳ್ಳಿ ಮುಗಿದಲ್ಲಿ ಟಾರಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು. ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸರು ಓಡಿ ಬಂದು ಅವಳನ್ನು ಮಗ್ಗುಲಾಗಿಸಿದರು. ಎರಡು ಅಂಗೈಯೂ ಕಿತ್ತಿದ್ದವು. ಬಾಯಿಂದ ರಕ್ತ ಬರುತ್ತಿತ್ತು, ಗಲ್ಲ ಒಂದು ಕಡೆಗೆ ವಾಲಿತ್ತು. ಬುಟ್ಟಿ ಹೆಲ್ಮೆಟ್ಟು ಹಣೆಯ ಮೇಲೆ ಎರಡಾಗಿ ಸೀಳಿದ್ದರೂ ಪಟ್ಟಿ ಬಿಟ್ಟಿರಲಿಲ್ಲ. ಒಬ್ಬಳು ಹೆಂಗಸು ಅದನ್ನು ಬಿಚ್ಚಲಾಗದೆ ಕುಡುಗೋಲಿನಿಂದ ಕೊಯ್ದಳು.

ಮಡಕಶಿರಾದಿಂದ ಅವಳನ್ನು ಹಿಂದೂಪುರದ ಒಂದು ಆಸ್ಪತ್ರೆಗೆ ಕಳಿಸಿದರು. ದವಡೆ ಎರಡು ಕಡೆ ಮುರಿದಿತ್ತು. ಡಾಕ್ಟರು ಒಡೆದ ಹೆಲ್ಮೆಟ್ಟನ್ನು ಕೇಳಿ ತರಿಸಿಕೊಂಡು ನೋಡಿ, ಇದು ತಲೆಯ ಮೇಲೆ ಉಳಿದದ್ದರಿಂದ ಮೊದಲ ಪೆಟ್ಟು ಇದಕ್ಕೆ ಬಿದ್ದಿದೆ, ಹಾರಿ ಹೋಗಿದ್ದರೆ ನಾವು ಮಾತಾಡುವುದೇ ಇರಲಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಆಮೇಲೆ ಓಬುಲೇಶನ ಕಂಕುಳಲ್ಲಿದ್ದ ದೊಡ್ಡ ಹೆಲ್ಮೆಟ್ಟಿನ ಕಡೆ ನೋಡಿ, ಇಂಥದ್ದಿದ್ದರೆ ದವಡೆಯೂ ಉಳಿಯುತ್ತಿತ್ತು ಎಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಓಬುಲೇಶ್ ಹೆಲ್ಮೆಟ್ಟನ್ನು ಕುರ್ಚಿಯ ಕೆಳಗೆ ತಳ್ಳಿದ.

ಸಂಜೆ ಹೊತ್ತಿಗೆ ಗಂಗೋತ್ರಿಯ ತಮ್ಮ ಶ್ರೀನಿವಾಸ್, ತಂದೆ ಚಿಕ್ಕತಿಮ್ಮಯ್ಯ, ತಾಯಿ ಕೆಂಪಕ್ಕ ಬಂದರು. ಗಂಗೋತ್ರಿಯನ್ನು ಗಾಲಿಮಂಚದ ಮೇಲೆ ಮಲಗಿಸಿ ಎಕ್ಸ್‌ರೇ ಕೋಣೆಯ ಹೊರಗೆ ನಿಲ್ಲಿಸಿದ್ದರು. ಎಚ್ಚರ ಇತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು. ಶ್ರೀನಿವಾಸ್ ಅಕ್ಕನನ್ನು ನೋಡಿದ, ಆಮೇಲೆ ಭಾವನನ್ನು ಕಾಲಿಂದ ತಲೆಯವರೆಗೆ ನೋಡಿದ. ಬೂಟು, ಜಾಕೆಟ್ಟು, ಕುರ್ಚಿಯ ಕೆಳಗಿನ ಹೆಲ್ಮೆಟ್ಟು.

"ಅಕ್ಕಂಗೆ ಇಂಥದ್ದು ಇರ್ಲಿಲ್ವಾ ಭಾವ?" ಎಂದು ಕೇಳಿದ.

ಓಬುಲೇಶ್ ಉತ್ತರವನ್ನು ಯೋಚಿಸಿಟ್ಟುಕೊಂಡಿರಲಿಲ್ಲ. ಆದರೆ ತಯಾರಿದ್ದ ಹಾಗೆ ಅದು ಬಾಯಿಗೆ ಬಂತು.

"ಕೊಡಸ್ತೀನಿ ಅಂದಿದ್ನೆಪ್ಪ. ಆಕಿನ ಬ್ಯಾಡ ಅಂದ್ಲು. ಭಾರ ಆಕ್ಕತಿ, ತುರುಬಿಗೆ ಸರಿಯಾಗಂಗಿಲ್ಲ ಅಂತ."

ಹೇಳಿದ ಮೇಲೆ ಮಂಚದ ಕಡೆ ನೋಡಿದ. ಗಂಗೋತ್ರಿ ಅವನನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ ಅದು. ಗುರುತಿನವರೆಂದುಕೊಂಡು ಹತ್ತಿರ ಹೋದ ಮೇಲೆ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಆಪರೇಶನ್ ಆಗಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಕಟ್ಟಿದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಮಾತಾಡುವಂತಿಲ್ಲ, ಹಲ್ಲುಸಂದಿಯಲ್ಲಿ ಹೋಗುವಷ್ಟು ತಿಳಿಯಾದ ಗಂಜಿ, ಹಾಲು, ಬೇಳೆಯ ಕಟ್ಟು. ಅವಳನ್ನು ರೊಳ್ಳದ ಕಡೆಯ ತವರಿಗೇ ಕರೆದೊಯ್ದರು. ಓಬುಲೇಶ್ ರಜೆ ಹಾಕಿ ಎರಡು ವಾರ ಅಲ್ಲೇ ಇದ್ದ.

ಅವನ ಸುಳ್ಳು ಅವನಿಗಿಂತ ಮೊದಲೇ ಆ ಊರು ಸೇರಿತ್ತು. ನೋಡಲು ಬಂದವರೆಲ್ಲ ಅವನ ಜಾಕೆಟ್ಟನ್ನು ಮುಟ್ಟಿ ನೋಡುತ್ತಿದ್ದರು, ಜಾಣ ಎನ್ನುತ್ತಿದ್ದರು. ಗಂಗೋತ್ರಿಯ ಹತ್ತಿರ ಹೋಗಿ, ಹೆಂಗಸರಿಗೆ ಹಟ ಜಾಸ್ತಿ ಎಂದು ಬುದ್ಧಿ ಹೇಳುತ್ತಿದ್ದರು. ಕೆಂಪಕ್ಕ ಮಾತ್ರ ದಿನಕ್ಕೆ ಮೂರು ಸಲ, ಗಂಜಿ ಕುಡಿಸುವಾಗಲೆಲ್ಲ, ಅಳುತ್ತಲೇ ಬೈಯುತ್ತಿದ್ದಳು.

"ಗಂಡ ಕೊಡಿಸ್ತೀನಿ ಅಂದ್ರೂ ಬ್ಯಾಡ ಅಂದ್ಯಂತಲ್ಲೇ. ನಿನ್ನ ತುರುಬು ಹೆಚ್ಚಾಯ್ತೇನೆ ನಿಂಗೆ, ಜೀವಕ್ಕಿಂತ."

ಗಂಗೋತ್ರಿ ಬಟ್ಟಲನ್ನು ಹಿಡಿದು ಸುಮ್ಮನೆ ಹೀರುತ್ತಿದ್ದಳು. ಅವಳು ಹತ್ತನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಬೇಕಾದ್ದನ್ನು ಬರೆದು ತೋರಿಸಲೆಂದು ಶ್ರೀನಿವಾಸ್ ಒಂದು ನೋಟ್‌ಬುಕ್ ತಂದುಕೊಟ್ಟಿದ್ದ. ಅಂಗೈಯ ಗಾಯ ಒಣಗಿದ ಮೇಲೆ ಅವಳು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ನೀರು. ದಿಂಬು ಎತ್ತರ ಮಾಡು. ಕಿವಿ ನೋವು. ಅವಳು ಪೆನ್ನು ತೆಗೆದಾಗಲೆಲ್ಲ ಓಬುಲೇಶ್ ಬಗ್ಗಿ ಹಾಳೆಯನ್ನು ನೋಡುತ್ತಿದ್ದ. ಈ ಸಲ ನಿಜ ಬರೆದಾಳು ಎಂದು ಕಾಯುತ್ತಿದ್ದ. ಬಾಯಿ ಕಟ್ಟಿದ್ದರೂ ಕೈ ಬಿಡುವಾಗಿತ್ತು, ಒಂದು ಸಾಲು ಸಾಕಿತ್ತು. ಅವಳು ಬರೆಯಲಿಲ್ಲ. ಅವಳು ಬಚ್ಚಲಿಗೆ ಹೋದಾಗ ಒಮ್ಮೆ ಅವನು ನೋಟ್‌ಬುಕ್ಕಿನ ಹಾಳೆಗಳನ್ನೆಲ್ಲ ತಿರುವಿ ಹಾಕಿದ. ಎಲ್ಲೂ ಅವನ ಹೆಸರೇ ಇರಲಿಲ್ಲ. ಕಳ್ಳನ ಹಾಗೆ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟು ಹೊರಗೆ ಬಂದ.

ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದ. ಒಂದು ದಿನ ಮಾವನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿ ಬಾಯಿವರೆಗೆ ತಂದು ನುಂಗಿದ. ರಜೆ ಮುಗಿಯಿತು. ಬೈಕನ್ನು ಮಡಕಶಿರಾದಲ್ಲೇ ರಿಪೇರಿಗೆ ಬಿಟ್ಟು ಬಸ್ಸಿನಲ್ಲಿ ರಾಯದುರ್ಗಕ್ಕೆ ಬಂದ.

ಅಲ್ಲಿ ಇನ್ನೊಂದು ಕಾದಿತ್ತು. ಯೂನಿಟ್‌ನಲ್ಲಿ ನಲವತ್ತು ಐವತ್ತು ಜನ ಬೈಕಿನಲ್ಲಿ ಬಂದುಹೋಗುವವರು. ತಿಪ್ಪೇರುದ್ರಪ್ಪ ಬಿದ್ದದ್ದು, ಆಮೇಲೆ ಇವನು ಬಿದ್ದದ್ದು ಸಿದ್ದಬಸಪ್ಪನವರ ತಲೆಯಲ್ಲಿ ಕೂತಿತ್ತು. ಅವನು ಬಂದು ಎರಡು ವಾರವಾದ ಮೇಲೆ ಒಂದು ದಿನ ಚಹಾದ ಹೊತ್ತಿನಲ್ಲಿ ಮಿಶನ್ನುಗಳನ್ನು ನಿಲ್ಲಿಸಿ ಎಲ್ಲರನ್ನೂ ಕಟಿಂಗ್ ಟೇಬಲ್ಲಿನ ಸುತ್ತ ಸೇರಿಸಿದರು. ಓಬುಲೇಶನಿಗೆ ಜಾಕೆಟ್ಟು ತರಲು ಮೊದಲೇ ಹೇಳಿದ್ದರು. ಸವೆದ ಮೊಣಕೈಯನ್ನು ಎಲ್ಲರಿಗೂ ತೋರಿಸಿ, ನೋಡ್ರಿ, ಸಾಮಾನು ನೋಡಿ ತಗೊಂಡಿದ್ದಕ್ಕ ಇವತ್ತು ನಮ್ಮ ಮುಂದ ನಿಂತಾನ ಎಂದರು. ಹೇಗೆ ಆರಿಸಬೇಕು ಎಂದು ನಾಕು ಮಾತು ಹೇಳು ಎಂದರು.

ಓಬುಲೇಶ್ ಹೇಳಿದ. ಕೆನ್ನೆ ಒತ್ತಬೇಕು ಎಂದ, ಎರಡು ಬೆರಳು ಎಂದ. ಪ್ಯಾಡು ಬಿದ್ದಾಗ ಜಾಗ ಬಿಟ್ಟು ಸರಿಯದ ಹಾಗೆ ಜಾಕೆಟ್ಟು ಮೈಗೆ ಹಿಡಿದಿರಬೇಕು ಎಂದ. ಹೆಬ್ಬೆರಳು ಒತ್ತಿದರೆ ಕುಳಿ ಬೀಳುವ ಹೆಲ್ಮೆಟ್ಟು ಬರೀ ಪೊಲೀಸರಿಗೆ ತೋರಿಸಲು, ತಲೆಗಲ್ಲ ಎಂದ. ಆ ಮಾತು ಹೇಳುವಾಗ ತನ್ನ ಬಲಗೈ ತನಗೇ ಗೊತ್ತಿಲ್ಲದೆ ಮುಷ್ಟಿಯಾಗಿ ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಂಡದ್ದು ಅವನಿಗೆ ತಿಳಿಯಿತು.

ಗಂಗೋತ್ರಿಯ ಪಕ್ಕದ ಮಿಶನ್ನಿನ ನಾಗಲಕ್ಷ್ಮಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಚದುರಿದ ಮೇಲೆ ಟೇಬಲ್ಲಿನ ಹತ್ತಿರ ಬಂದಳು.

"ಆಕಿ ಅಂಗಡ್ಯಾಗ ಕೆಂಪನೆಯದು ಹಾಕ್ಕೊಂಡು ನೋಡಿದ್ಲಂತಲ್ರಿ ಅಣ್ಣಾರ. ಛಲೋ ಕೂತಿತ್ತು ತಲೀಗೆ ಅಂದಿದ್ಲು," ಎಂದಳು.

ಅವನು, ಆ ಅಳತೆಯದು ಆವತ್ತು ಇರಲಿಲ್ಲ ಎಂದ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ನಾಗಲಕ್ಷ್ಮಿ ಹೌದ್ರಿ ಎಂದಳು, ನಂಬಲಿಲ್ಲ ಎಂಬುದು ತಿಳಿಯುವ ಹಾಗೆ ಇನ್ನೊಂದು ಸಲ ಹೌದ್ರಿ ಎಂದು ತನ್ನ ಮಿಶನ್ನಿಗೆ ಹೋದಳು. ಖಾಲಿ ಇದ್ದ ಗಂಗೋತ್ರಿಯ ಸ್ಟೂಲು ಅವಳ ಪಕ್ಕದಲ್ಲೇ ಇತ್ತು.

ಆ ಮಧ್ಯಾಹ್ನ ಓಬುಲೇಶ್ ಜೀವಮಾನದಲ್ಲಿ ಮೊದಲ ಬಾರಿಗೆ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದ. ಒಂದರ ಮೇಲೊಂದು ಹಾಸಿದ್ದ ಬಟ್ಟೆಯ ಇಡೀ ಅಡುಕು ಹಾಳಾಯಿತು. ಸಿದ್ದಬಸಪ್ಪನವರು, ಹೆಂಡತಿಯ ಚಿಂತೆ, ಪಾಪ ಎಂದುಕೊಂಡು ಬೈಯದೆ ಬಿಟ್ಟರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿದ. ಕಲ್ಯಾಣದುರ್ಗದಲ್ಲಿ ಒಂದು, ಪಾವಗಡದಲ್ಲಿ ಒಂದು, ಮಡಕಶಿರಾದಲ್ಲಿ ಆಟೋ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ, ಜೋಡಿಸಿದಷ್ಟೂ ಅದು ತನ್ನ ಪರವಾಗಿಯೇ ವಾಲುತ್ತಿತ್ತು. ಅವಳ ಬಾಯಿ ಬಿಚ್ಚಲು ಇನ್ನು ಹತ್ತೇ ದಿನ ಇತ್ತು. ಅವಳು ಹೇಳುವ ಮೊದಲು ತಾನು ಹೇಳಿದರೆ ಒಳ್ಳೆಯವನಾಗುತ್ತೇನೆ ಎಂಬ ಲೆಕ್ಕವೂ ಒಳಗೆಲ್ಲೋ ಇದೆ ಎಂದು ಅವನಿಗೆ ಅನ್ನಿಸಿ, ಪಾವಗಡದಲ್ಲಿ ಇಳಿದು ವಾಪಸ್ಸು ಹೋಗಿಬಿಡಲೇ ಎಂದುಕೊಂಡ. ಹೋಗಲಿಲ್ಲ.

ಚಿಕ್ಕತಿಮ್ಮಯ್ಯ ಮನೆಯ ಮುಂದೆ ಕಡಲೆಕಾಯಿ ಬಿತ್ತನೆಗೆಂದು ಆರಿಸುತ್ತ ಕೂತಿದ್ದ. ಓಬುಲೇಶ್ ಪಕ್ಕದಲ್ಲಿ ಕೂತು, ಜೋಡಿಸಿದ ಮಾತೆಲ್ಲ ಬಿಟ್ಟು ನೇರವಾಗಿ ಹೇಳಿದ. ಗಂಗೋತ್ರಿ ಬೇಡ ಎನ್ನಲಿಲ್ಲ, ಬೇಕು ಎಂದು ಹಾಕಿಕೊಂಡಿದ್ದಳು, ನಾನೇ ತೆಗೆಸಿದೆ, ನನಗೆ ಒಳ್ಳೆಯದು ತೆಗೆದುಕೊಂಡು ಅವಳಿಗೆ ಕೆಲಸಕ್ಕೆ ಬಾರದ್ದೆಂದು ಗೊತ್ತಿದ್ದೂ ಕೊಟ್ಟೆ, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ.

ಚಿಕ್ಕತಿಮ್ಮಯ್ಯನ ಕೈ ನಿಂತಿತು. ಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದ.

"ನನಗ್ಯಾಕಪ್ಪ ಹೇಳ್ತೀಯ," ಎಂದ. "ಆ ತಾಯಿ ಒಂದು ತಿಂಗಳಿಂದ ಮಗಳನ್ನ ಬಯ್ತಾವ್ಳೆ. ಒಳಗ್ಹೋಗಿ ಅವಳಿಗೆ ಹೇಳು. ನಮ್ಮ ಗಂಗಿ ಎದುರಿಗೇ ಹೇಳು."

ಒಳಗೆ ಕೆಂಪಕ್ಕ ಮಗಳಿಗೆ ರಾಗಿ ಗಂಜಿ ಸೋಸುತ್ತಿದ್ದಳು. ಶ್ರೀನಿವಾಸ್ ಬಾಗಿಲಲ್ಲಿ ನಿಂತ. ಓಬುಲೇಶ್ ನಿಂತುಕೊಂಡೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಹೇಳುವುದು ಸುಲಭವಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಗಂಗೋತ್ರಿ ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದಳು. ಕೆಂಪಕ್ಕ ಸೋಸುವ ಬಟ್ಟೆಯನ್ನು ಕೆಳಗಿಟ್ಟಳು. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಬರೆದು ತೋರ್ಸಬಾರ್ದಿತ್ತೇನೆ," ಎಂದಳು. "ನಾನು ಬಯ್ಯೋದ ಕೇಳ್ಕಂಡು ಕೂತಿದ್ಯಲ್ಲೆ."

ಗಂಗೋತ್ರಿ ತಾಯಿಯ ತಲೆ ನೇವರಿಸಿದಳು. ಶ್ರೀನಿವಾಸ್ ಭಾವನ ಮುಖ ನೋಡದೆ ಹೊರಗೆ ಹೋದ. ಆವತ್ತಿನಿಂದ ಅವನು ಓಬುಲೇಶನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ.

ತಂತಿ ಬಿಚ್ಚಿದ ದಿನ ಗಂಗೋತ್ರಿಯ ಬಾಯಿ ಒಂದು ಬೆರಳಿನಷ್ಟು ತೆರೆಯಿತು. ಹಿಂದೂಪುರದಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅವಳು ಹಲ್ಲು ಕಚ್ಚಿಕೊಂಡೇ ಮಾತಾಡುವವರ ಹಾಗೆ, ತಡೆದು ತಡೆದು ಮಾತಾಡಿದಳು. ಯಾಕೆ ಬರೆಯಲಿಲ್ಲ ಎಂದು ಅವನು ಕೇಳಿದ್ದ.

"ಆಸ್ಪತ್ರೇಲಿ ಭಯ ಬಿದ್ದು ಸುಳ್ಳು ಹೇಳಿದ್ರಿ ಅಂದ್ಕಂಡೆ. ಅದು ಬರಿಯೋ ಅಂಥದ್ದಲ್ಲ," ಎಂದಳು. ಗಲ್ಲ ಒತ್ತಿ ಹಿಡಿದುಕೊಂಡು, "ಅಂಗಡೀಲಿ ಅವ್ರು ನಕ್ಕಾಗ ನೀವೂ ನಕ್ಕಿರಲ್ಲ, ಅದನ್ನ ಹೆಂಗೆ ಬರೀಲಿ," ಎಂದಳು.

ಓಬುಲೇಶ್ ಆ ನಗುವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಲ್ಮೆಟ್ಟು, ಥರ್ಮಾಕೋಲು, ಬ್ರೇಕು, ಸುಳ್ಳು, ಇಷ್ಟನ್ನು ಮಾತ್ರ ತನ್ನ ತಪ್ಪೆಂದು ಹೊತ್ತು ತಿರುಗುತ್ತಿದ್ದ. ಅದಕ್ಕಿಂತ ಹಿಂದೆಯೇ ಒಂದಿತ್ತು ಎಂಬುದು ಆಗ ತಿಳಿಯಿತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದು, ಯೂನಿಟ್‌ನವರಿಗೆ ಹೇಳಿದಿರಾ ಎಂದು ಕೇಳಿದಳು. ಇಲ್ಲ ಎಂದ. ನಾಗಲಕ್ಷ್ಮಿ ಗಂಗೋತ್ರಿಯ ಆರೋಗ್ಯವನ್ನು ಫೋನಿನಲ್ಲಿ ಶ್ರೀನಿವಾಸನ ಹತ್ತಿರ ವಿಚಾರಿಸಿದ್ದಳು, ಹಾಗೆ ಚಹಾದ ಹೊತ್ತಿನ ಭಾಷಣದ ಸುದ್ದಿ ಗಂಗೋತ್ರಿಗೂ ಮುಟ್ಟಿತ್ತು. ಹೇಳಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಿಟಕಿಯ ಕಡೆ ತಿರುಗಿದಳು.

ಅವನು ರಾಯದುರ್ಗಕ್ಕೆ ಹೋದ ಮೊದಲ ದಿನವೇ ಹೇಳಿದ. ಚಹಾದ ಹೊತ್ತಿಗೆ ತಾನಾಗಿಯೇ ಕಟಿಂಗ್ ಟೇಬಲ್ಲಿನ ಹತ್ತಿರ ನಿಂತು, ಆವತ್ತು ಹೇಳಿದ್ದರಲ್ಲಿ ಒಂದು ಬಿಟ್ಟಿದ್ದೆ ಎಂದು ಶುರುಮಾಡಿ ಪೂರ್ತಿ ಹೇಳಿದ. ಹೆಂಗಸರು ತಮ್ಮ ಮಿಶನ್ನುಗಳ ಹತ್ತಿರವೇ ನಿಂತಿದ್ದರು. ನಾಗಲಕ್ಷ್ಮಿ ಮಿಶನ್ನಿನ ಮೇಲಿನ ದಾರದ ತುಣುಕುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಗಂಡಸರು ಮಾತ್ರ ಅವನ ಸುತ್ತ ಬಂದರು. ತಿಪ್ಪೇರುದ್ರಪ್ಪ, ಇನ್ನೂ ಪೂರ್ತಿ ಮಡಚಲು ಬಾರದ ಬಲಗೈಯನ್ನು ಅವನ ಹೆಗಲ ಮೇಲಿಟ್ಟ.

"ಯಾಕ ಅಷ್ಟು ಮನಸಿಗೆ ಹಚ್ಚಿಕೋತೀಯೊ. ಹೆಂಡ್ರಿಗೆ ಅಂಥಾವು ಯಾರು ಕೊಡಸ್ತಾರ. ನಮ್ಮನ್ಯಾಗೂ ಬುಟ್ಟೀನ ಐತಿ. ಎಲ್ಲಾರೂ ಹಂಗಽ," ಎಂದ.

ಉಳಿದವರು ಹೌದು ಹೌದು ಎಂದರು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತಿದ್ದ ಓಬುಲೇಶನಿಗೆ ಈ ಸಮಾಧಾನ ತಡೆಯಲಾಗಲಿಲ್ಲ. ಆ ಕೈಯನ್ನು ಮೆಲ್ಲಗೆ ತೆಗೆದು ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ತೊಳೆದಷ್ಟೂ ಮುಖ ಬಿಸಿಯಾಗಿಯೇ ಇತ್ತು.

ಗಂಗೋತ್ರಿ ಯುಗಾದಿ ಕಳೆದ ಮೇಲೆ ಬಂದಳು. ಶ್ರೀನಿವಾಸ್ ಬಸ್ಸಿನಲ್ಲಿ ಕರೆತಂದು ಬಿಟ್ಟು, ಊಟಕ್ಕೂ ನಿಲ್ಲದೆ ವಾಪಸ್ಸು ಹೋದ. ಮೊದಲ ಸಂಬಳ ಬಂದ ಭಾನುವಾರ ಅವಳು ನಾಗಲಕ್ಷ್ಮಿಯ ಜೊತೆ ಬಳ್ಳಾರಿಗೆ ಹೋಗಿ ಬಂದಳು. ಸಂಜೆ ಓಬುಲೇಶ್ ಮನೆಗೆ ಬಂದಾಗ ಗೂಡಿನಲ್ಲಿ ಗಲ್ಲ ಮುಚ್ಚುವ ಒಂದು ಹೆಲ್ಮೆಟ್, ಅದರೊಳಗೆ ಒಂದು ಜೊತೆ ಗ್ಲೌಸು ಇದ್ದವು. ಕೇಳಿದ್ದರೆ ನಾನು ತರುತ್ತಿರಲಿಲ್ಲವೇ ಎಂದು ಅವನು ಅಂದ. ನನ್ನ ತಲೆಯ ಅಳತೆ ನನಗೆ ಗೊತ್ತಲ್ವಾ ಎಂದಳು ಅವಳು, ಮುನಿಸಿಲ್ಲದ ದನಿಯಲ್ಲಿ.

ಈಗ ಅವಳು ಅವನ ಹಿಂದೆ ಕೂರುತ್ತಾಳೆ. ಕೂತ ಮೇಲೆ ಪಟ್ಟಿ ಬಿಗಿದುಕೊಂಡು, ಹೊರಡಿ ಎಂದು ಬೆನ್ನು ತಟ್ಟುವವರೆಗೆ ಅವನು ಗೇರು ಹಾಕುವುದಿಲ್ಲ. ದವಡೆ ಕೂಡಿದೆ, ಆದರೆ ಊಟ ಮಾಡುವಾಗ ಅಗಿದಾಗೊಮ್ಮೆ ಕಿವಿಯ ಹತ್ತಿರ ಟಿಕ್ಕೆಂದು ಸಣ್ಣ ಸದ್ದಾಗುತ್ತದೆ. ಡಾಕ್ಟರು ಅದು ಹೋಗುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ ಎಂದಿದ್ದಾರೆ. ಗಂಗೋತ್ರಿಗೆ ಅದು ಅಭ್ಯಾಸವಾಗಿ ಹೋಗಿದೆ, ಊಟದ ನಡುವೆ ಯೂನಿಟ್ಟಿನ ಸುದ್ದಿ ಹೇಳುತ್ತಿರುತ್ತಾಳೆ. ಎದುರಿಗೆ ಕೂತ ಓಬುಲೇಶ್ ತಟ್ಟೆ ನೋಡುತ್ತ ಹ್ಞೂಂ ಎನ್ನುತ್ತಾನೆ, ರೊಟ್ಟಿ ಮುರಿಯುತ್ತಾನೆ, ಅವಳ ಊಟ ಮುಗಿಯುವವರೆಗೆ ತಲೆ ಎತ್ತುವುದಿಲ್ಲ.